ಮುಚ್ಚಳ ತೆಗೆಯುವವರು

ಉಪ್ಪಿನ ಜಾಡಿಯ ಮುಚ್ಚಳವನ್ನು ನಾನು ಎಂದೂ ನೆಟ್ಟಗೆ ಮುಚ್ಚಿದವನಲ್ಲ ಎಂಬುದು ನನ್ನಾಕೆ ಸರೋಜಳ ಹಳೆಯ ದೂರು. ಮೈಸೂರಿನ ಬೋಗಾದಿಯಲ್ಲಿ ಆಷಾಢದ ಗಾಳಿ ಎದ್ದರೆ ಸಾಕು, ಉಪ್ಪು ಬೆವರುತ್ತದೆ, ಅಡುಗೆಮನೆಯಲ್ಲಿ ನನ್ನ ಯೋಗ್ಯತೆಯ ವಿಮರ್ಶೆ ಆರಂಭವಾಗುತ್ತದೆ. ಗಾಳಿಯ ತೇವದ ಬಗ್ಗೆ ನನಗಿದ್ದ ಸಮಸ್ತ ಪಾಂಡಿತ್ಯ ಇಷ್ಟೇ. ಇಷ್ಟರಲ್ಲೇ ಸುಖವಾಗಿದ್ದ ನನಗೆ ಜ್ಞಾನೋದಯ ಮಾಡಿಸಿದವನು ಸರೋಜಳ ತಮ್ಮ ಮಹೇಶ.

ಕಾರಣ ಒಂದು ಕೋಳಿ. ಕಡಕೊಳದಲ್ಲಿ ನನ್ನ ಅತ್ತೆ ಸಾಕಿದ್ದ ನಾಟಿ ಕೋಳಿಗಳಲ್ಲಿ, ಅವರು ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದ ಕೆಂಪು ಹೇಟೆಯೊಂದೇ ಉಳಿದಿತ್ತು. ಎದುರಿನ ಅರೆಕಟ್ಟಡದ ಕಾವಲುಗಾರನ ಹುಂಜದ ಕೃಪೆಯಿಂದ ಬುಟ್ಟಿ ತುಂಬ ಮೊಟ್ಟೆಯಿಟ್ಟ ಅದು, ಕಾವಿಗೆ ಕೂರುವ ಮೊದಲೇ ಬಡಾವಣೆಯ ನಾಯಿಗಳ ಪಾಲಾಯಿತು. "ಅವ್ವನ ಮನೆಯಿಂದ ಬಂದಿದ್ದು ಅಂತ ಇದ್ದಿದ್ದು ಇದೊಂದೇ ಕಣ್ರೀ," ಎಂದು ಸರೋಜ ಬುಟ್ಟಿಯನ್ನೇ ನೋಡುತ್ತ ಕೂತಳು. ಅವಳ ಮುಖ ನೋಡಿ ನನಗೂ ಸಂಕಟವಾಯಿತು.

"ಬೇಜಾರು ಮಾಡ್ಕೋಬೇಡ ಬುಡಕ್ಕ, ಮಷೀನ್‌ನಲ್ಲಿ ಮರಿ ಮಾಡ್ಸೋಣ," ಎಂದು ಮಹೇಶ ಮರುದಿನವೇ ಇನ್‌ಕ್ಯುಬೇಟರ್ ತಂದ. ಥರ್ಮೊಕೋಲಿನ ಪೆಟ್ಟಿಗೆ, ಒಳಗೊಂದು ಬಲ್ಬು, ನೀರಿನ ತಟ್ಟೆ, ತೇವ ತೋರಿಸುವ ಪುಟ್ಟ ಮೀಟರು, ಇವೆಲ್ಲದರ ಜೊತೆಗೆ ಪುಕ್ಕಟೆಯಾಗಿ ಅವನ ಉಪನ್ಯಾಸ. ಜೀವಮಾನದಲ್ಲಿ ಒಂದು ಕೋಳಿಗೂ ಕಾಳು ಹಾಕದವರೆಲ್ಲ ಮೊಬೈಲಿನಲ್ಲಿ ಕುಕ್ಕುಟಶಾಸ್ತ್ರದ ಆಚಾರ್ಯಪೀಠವನ್ನೇರಿ ಕುಳಿತಿದ್ದಾರಷ್ಟೆ, ಇವನು ಅವರ ಪರಮಶಿಷ್ಯ. ಮೊದಮೊದಲು ತೇವ ಕಡಿಮೆಯಿರಬೇಕು, ಇಲ್ಲದಿದ್ದರೆ ಮೊಟ್ಟೆಯೊಳಗಿನ ನೀರು ಆರದೆ ಮರಿ ಅದರಲ್ಲೇ ಮುಳುಗುತ್ತದೆ. ಒಡೆಯುವ ಕಾಲಕ್ಕೆ ಹೆಚ್ಚಿರಬೇಕು, ಇಲ್ಲದಿದ್ದರೆ ಒಳಪೊರೆ ಒಣಗಿ ಮರಿಯನ್ನು ಬಿಗಿದು ಕಟ್ಟಿಹಾಕುತ್ತದೆ. ಆಗಂತೂ ಬ್ರಹ್ಮನೇ ಬಂದು ಹೇಳಿದರೂ ಮುಚ್ಚಳ ತೆಗೆಯಬಾರದು. ಇಷ್ಟರಲ್ಲಿ ಒಮ್ಮತ. ಮಿಕ್ಕಂತೆ ಒಬ್ಬ ಆಚಾರ್ಯ ನೀರು ಹಾಕಿ ಎಂದರೆ ಇನ್ನೊಬ್ಬ ಹಾಕಲೇಬೇಡಿ ಎನ್ನುತ್ತಿದ್ದ. ಮಹೇಶ ಇಬ್ಬರನ್ನೂ ನಂಬಿ, ಬೆಳಿಗ್ಗೆ ಹಾಕಿದ ನೀರನ್ನು ಸಂಜೆ ಸ್ಪಂಜಿನಿಂದ ಹೀರಿ ತೆಗೆಯುತ್ತಿದ್ದ. ಅವನನ್ನು ಗೇಲಿ ಮಾಡುತ್ತಲೇ ನಾನೂ ಹಾಲು ತರಲು ಹೋಗುವಾಗೊಮ್ಮೆ, ಬರುವಾಗೊಮ್ಮೆ ಮೀಟರಿನ ದರ್ಶನ ಪಡೆಯತೊಡಗಿದೆ.

ಮೊಟ್ಟೆಯೊಂದು ಬಿರುಕು ಬಿಟ್ಟದ್ದು ಆಯುಧಪೂಜೆಯ ಬೆಳಿಗ್ಗೆ. ಆ ದಿನ ಮೈಸೂರಿನಲ್ಲಿ ಕುಂಕುಮ ಹತ್ತದ ಯಂತ್ರವಿಲ್ಲ. ಸ್ಕೂಟರು, ಮಿಕ್ಸಿ, ಈಳಿಗೆಮಣೆ ಎಲ್ಲವೂ ಮೈ ತೊಳೆಸಿಕೊಂಡು, ಕೆಲಸಕ್ಕೆ ರಜೆ ಹಾಕಿ, ಸೇವಂತಿಗೆ ಮುಡಿದು ಕೂರುತ್ತವೆ. "ಇದೂ ಮಷೀನೇ ತಾನೆ ಭಾವ, ಇದಕ್ಕೆ ಪೂಜೆ ಮಾಡದಿದ್ರೆ ಎಂಗೆ?" ಎಂದ ಮಹೇಶ, ಸ್ವಿಚ್ಚು ಆರಿಸಿ, ಮುಚ್ಚಳ ತೆಗೆದು, ಬಲ್ಬಿಗೂ ಮೀಟರಿಗೂ ಕುಂಕುಮವಿಟ್ಟು, ಆಚಾರ್ಯರ ಗುಂಪಿಗೆಲ್ಲ ಮೊಬೈಲಿನಲ್ಲಿ ಸಾವಕಾಶವಾಗಿ ತೋರಿಸಿದ. ಆಚಾರ್ಯರಲ್ಲಿ ಒಬ್ಬನಾದರೂ ಮುಚ್ಚು ಎನ್ನಬೇಕಲ್ಲ. ಎಲ್ಲರೂ ಕೈಮುಗಿದ ಚಿತ್ರ ಕಳಿಸಿ ಧನ್ಯರಾದರು. ಅಷ್ಟು ಹೊತ್ತೂ ಮಂಗಳಾರತಿ ತಟ್ಟೆ ಹಿಡಿದು ನಿಂತಿದ್ದ ಮೂರ್ಖನನ್ನು ಹುಡುಕಲು ನೀವು ದೂರ ಹೋಗಬೇಕಿಲ್ಲ.

ಹೂ ತರಲು ಹೋಗಿದ್ದ ಸರೋಜ ಬರುವ ಹೊತ್ತಿಗೆ ಬಿರುಕಿನ ಅಂಚಿನ ಪೊರೆ ಕಾಗದದಂತೆ ಒಣಗಿತ್ತು. ಒಳಗಿನ ಕೊಕ್ಕು ಅಲುಗುತ್ತಿರಲಿಲ್ಲ. ಅವಳು ಬೈಯಲಿಲ್ಲ. ಬಿಸಿನೀರಿನಲ್ಲಿ ಬಟ್ಟೆ ಹಿಂಡಿ ಒಳಗಿಟ್ಟು, ಮುಚ್ಚಳ ಹಾಕಿ, ಸ್ವಿಚ್ಚು ಒತ್ತಿ, ಪೆಟ್ಟಿಗೆಯ ಮುಂದೆ ಕೂತಳು. "ಇನ್ನೊಂದ್ಸಲ ಯಾರಾದ್ರೂ ಇದನ್ನ ಮುಟ್ಟಿದ್ರೆ ಈ ಮನೇಲಿ ನಾನಿರಲ್ಲ." ಮಹೇಶ ಮೊಬೈಲನ್ನು ಜೇಬಿಗಿಟ್ಟು ಅಕ್ಕನ ಪಕ್ಕದಲ್ಲಿ ಕೂತ. "ಅವ್ವಂದು ಇನ್ನೇನೂ ಉಳಿದಿಲ್ಲ ಅಲ್ವೇನಕ್ಕ," ಎಂದ ಮೆಲ್ಲಗೆ. ಅಷ್ಟು ದಿನಗಳಲ್ಲಿ ಅವನು ಆಡಿದ ಸ್ವಂತ ಮಾತು ಅದೊಂದೇ.

ಸಂಜೆಗೆ ಒಂದು ಮರಿ ಹೊರಬಂತು. ಉಳಿದವು ಬರಲಿಲ್ಲ. ಬಂದದ್ದು ಹೇಟೆಯೋ ಹುಂಜವೋ ತಿಳಿಯಲು ರೆಕ್ಕೆ ಬಿಡಿಸಿ ಚಿತ್ರ ಕಳಿಸಿ ಎಂದು ಆಚಾರ್ಯರು ಅಪ್ಪಣೆ ಕೊಡಿಸಿದರು. "ಬುಡ್ರಪ್ಪ, ಬೆಳೆದ್ಮೇಲೆ ಗೊತ್ತಾಯ್ತದೆ," ಎಂದಳು ಸರೋಜ.

ಈಗ ಮತ್ತೆ ಆಷಾಢ. ಉಪ್ಪಿನ ಜಾಡಿಯ ಮುಚ್ಚಳವನ್ನು ನಾನೇ ಬಿಗಿ ಮಾಡುತ್ತೇನೆ. ಕುಂಕುಮ ಹತ್ತಿದ ಮೀಟರು ಅದರ ಪಕ್ಕದಲ್ಲಿ ಬಿದ್ದುಕೊಂಡಿದೆ. ಆ ಮರಿ ಕೆಂಪು ಹೇಟೆಯಾಗಿ ಬೆಳೆದು, ಹಿತ್ತಲಿನ ಅದೇ ಬುಟ್ಟಿಯಲ್ಲಿ ಕಾವಿಗೆ ಕೂತಿದೆ. ನಿನ್ನೆ ಮಹೇಶ ಫೋನು ಮಾಡಿ, "ಅಡೀಲಿ ಎಷ್ಟು ಮೊಟ್ಟೆ ಅವೆ ಭಾವ?" ಎಂದು ಕೇಳಿದ.

"ಎತ್ತಿ ನೋಡಿಲ್ಲ ಕಣೋ," ಎಂದೆ.

"ನೋಡ್ಬೇಡಿ ಬುಡಿ," ಎಂದ.