ಎಣ್ಣೆ ಹಚ್ಚಿದ ಕೈ

ನಾನು ಶಾಲೆ ಬಿಟ್ಟದ್ದು ೧೯೮೯ರಲ್ಲಿ, ಆರನೇ ಇಯತ್ತೆ ಅರ್ಧಕ್ಕೆ. ಕಲಬುರಗಿ ಕಡೆಯಿಂದ ಹೈದರಾಬಾದಿಗೆ ಬಂದ ನನ್ನ ಕೈಗೆ ಕರಣಿ ಕೊಟ್ಟು, ಗೋಡೆ ಕಟ್ಟುವುದನ್ನು ಕಲಿಸಿದವರು ಕಾಚಿಗೂಡದಲ್ಲಿ ನಮ್ಮ ಬಾಜೂ ಮನೆಯ ಗೌಂಡಿ ಕಾಕಾ. ಮೊನ್ನೆ ಗಚ್ಚಿಬೌಲಿಯ ಕೆಲಸದಲ್ಲಿ ಯಾರೋ ಕೊಬ್ಬರಿ ಎಣ್ಣೆಯ ಬಾಟಲಿ ತೆರೆದರು. ಆ ವಾಸನೆಗೆ ಕಾಕಾ ಎದುರಿಗೆ ಬಂದು ನಿಂತಂತಾಯಿತು...

ಸಂಜೆ ಕೆಲಸ ಮುಗಿದ ಮೇಲೆ ಅವರು ಕೈ ತೊಳೆದು, ಸಿಮೆಂಟಿಗೆ ಬಿರಿದ ಅಂಗೈಗೆ ಎಣ್ಣೆ ತಿಕ್ಕುತ್ತಿದ್ದರು. ಮನೆಗೆ ಹೋಗಿ ಮಗಳ ಗಲ್ಲ ಸವರುವಾಗ ಚುಚ್ಚಬಾರದಲ್ಲ, ಅದಕ್ಕೆ. “ಏನ್ರಿ ಕಾಕಾ, ಬೀಗರ ಮನಿಗೆ ಹೊಂಟೀರೇನು?” ಎಂದು ನಾವು ನಗುತ್ತಿದ್ದೆವು. ನನ್ನ ನಗುವೇ ಎಲ್ಲರಿಗಿಂತ ಜೋರು. ನಮ್ಮಪ್ಪ ನನ್ನನ್ನು ಹೊಡೆಯಲಿಕ್ಕಷ್ಟೇ ಮುಟ್ಟಿದವನು. ಅದರಿಂದಲೇ ಗಟ್ಟಿಯಾದೆ ಎಂದು ನನಗೆ ಸೊಕ್ಕಿತ್ತು.

ಮುಂದೆ ನನಗೂ ಮದುವೆಯಾಗಿ ಮಗ ಹುಟ್ಟಿದ. ಒಂದು ಸಂಜೆ ನಾಯಿ ಬೆನ್ನಟ್ಟಿದ್ದಕ್ಕೆ ಹೆದರಿ, ಆರು ವರ್ಷದ ನನ್ನ ಮಗ ಅಳುತ್ತಾ ಓಡಿ ಬಂದು ನನ್ನ ಕಡೆ ಕೈ ಚಾಚಿದ.

“ದೂರ ನಿಂದ್ರು, ಕೈಗೆ ಸಿಮೆಂಟ್ ಐತಿ” ಎಂದೆ.

ಸಿಮೆಂಟ್ ಇರಲಿಲ್ಲ. ಆಗಲೇ ಕೈ ತೊಳೆದಿದ್ದೆ... ಇದನ್ನು ಹೆಂಡತಿಗೂ ಹೇಳಿಲ್ಲ.

ಹುಡುಗ ಕಾಕಾನ ಕಟ್ಟೆಗೆ ಹೋದ. ಅವರು ತೊಡೆಯ ಮೇಲೆ ಕೂರಿಸಿಕೊಂಡು ಬೆನ್ನು ಸವರಿದರು. ಬಿಕ್ಕುತ್ತಿದ್ದವನು ಸ್ವಲ್ಪ ಹೊತ್ತಿಗೆ ಸುಮ್ಮನಾಗಿ, ನಾಯಿ ಯಾವ ಬಣ್ಣದ್ದು ಎಂದು ವರ್ಣಿಸತೊಡಗಿದ. ನನಗೆ ಅದನ್ನು ನೋಡಲಾಗಲಿಲ್ಲ.

“ಗಂಡುಹುಡುಗನ್ನ ಕೆಡಸಬ್ಯಾಡ್ರಿ ಕಾಕಾ.”

“ತಮ್ಮಾ, ಬಿರೀಬಾರ್ದಂತ ಹೊಸಾ ಗ್ವಾಡಿಗೆ ಮೂರು ಹೊತ್ತು ನೀರ ಹೊಡೀತಿ. ಕೂಸಿನ ಮೈಮ್ಯಾಲೆ ಕೈ ಇಡಾಕ ಏನ ಧಾಡಿ ನಿನಗ?”

ಮಗನ ರಟ್ಟೆ ಹಿಡಿದು ಎಳೆದು ತಂದೆ. ಮತ್ತೆ ಆ ಕಟ್ಟೆ ಹತ್ತಿದರೆ ಕಾಲು ಮುರಿಯುತ್ತೇನೆ ಎಂದೆ. ಅವನು ಹತ್ತಲಿಲ್ಲ. ನನ್ನ ಹತ್ತಿರವೂ ಬರಲಿಲ್ಲ.

ಕಾಕಾ ತೀರಿಕೊಂಡು ಬಹಳ ವರ್ಷವಾಯಿತು. ಇದ್ದಾಗ ದಿನಾ ಎದುರು ಸಿಗುತ್ತಿದ್ದರು. ತಪ್ಪಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ...

ಮೊನ್ನೆ ಸಂಜೆ ಮನೆಗೆ ಹೋದಾಗ ಮಗ ಚಹಾ ಕುಡಿಯುತ್ತಾ ಕುಳಿತಿದ್ದ. ಅವನ ಹೆಗಲ ಮೇಲೆ ಕೈ ಇಟ್ಟೆ. ಗಾಬರಿಯಿಂದ ಎದ್ದು ಎರಡೂ ಕೈಯಿಂದ ನನ್ನನ್ನು ಹಿಡಿದುಕೊಂಡ.

“ಯಾಕ್ರಿ ಅಪ್ಪಾ, ಚಕ್ಕರ್ ಬಂತೇನ್ರಿ?”

“ಹೂಂ” ಎಂದುಬಿಟ್ಟೆ.

ಕುರ್ಚಿಯಲ್ಲಿ ಕೂರಿಸಿ, ಕೈ ಬಿಟ್ಟು, ನೀರು ತರಲು ಹೋದ.

ಈಗ ನನಗೆ ಎರಡು ಮನೆ, ಒಂದು ಕಾಂಕ್ರೀಟ್ ಮಿಕ್ಸರ್, ಕೈಕೆಳಗೆ ಹದಿನಾಲ್ಕು ಜನ. ಮಗ ಒಬ್ಬ.