ಇಬ್ಬರು ಕೂರುವಷ್ಟು ಹಲಗೆ

ಕಮಲಾಕರ ಹೋಗಿ ಎರಡು ತಿಂಗಳಾಯಿತು. ಇನ್ಶೂರೆನ್ಸ್ ಆಫೀಸಿನಲ್ಲಿ ಇಡೀ ಸೇವೆ ಮುಗಿಸಿ, ತಾಂಬರಂನಲ್ಲಿ ಒಂದು ಸಣ್ಣ ಮನೆ ಕಟ್ಟಿಕೊಂಡಿದ್ದ ಮನುಷ್ಯ. ಅಲ್ಲಿಂದ ಗಿಂಡಿ ಸ್ಟೇಷನ್ನಿನವರೆಗೆ ಎಲೆಕ್ಟ್ರಿಕ್ ಟ್ರೈನಿನಲ್ಲಿ ವರ್ಷಗಟ್ಟಲೆ ಜೊತೆಗೆ ನಿಂತು ಹೋಗಿಯೇ ನಾವು ಸ್ನೇಹಿತರಾದದ್ದು. ರಜೆಯ ದಿನ ಅವನ ಕೈಯಲ್ಲಿ ಉಳಿಯೋ ಗರಗಸವೋ ಇರುತ್ತಿತ್ತು. ಅವನು ಮಾಡಿದ ಸ್ಟೂಲುಗಳೆಲ್ಲ ಸ್ವಲ್ಪ ಓಲಾಡುತ್ತಿದ್ದವು. "ಕೂತವರು ನಿದ್ದೆ ಮಾಡಬಾರದಲ್ಲ, ಅದಕ್ಕೆ," ಎನ್ನುತ್ತಿದ್ದ.

ನಿವೃತ್ತಿಯಾದ ಮೇಲೆ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ ಬಂತು. ವಾಸಿಯಾಗುವಂಥದ್ದಲ್ಲ ಎಂದು ಡಾಕ್ಟರು ನೇರವಾಗಿಯೇ ಹೇಳಿದರು. ಒಳಗೆ ಉಸಿರು ಕಟ್ಟುತ್ತದೆಂದು ಸಂಜೆ ಹೊತ್ತು ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಹೆಂಡತಿ ಸೀತಾ ಎದುರಿನ ಕುರ್ಚಿಯಲ್ಲಿ ಕೂತು ಅವನ ಎದೆಯ ಏರಿಳಿತವನ್ನೇ ನೋಡುತ್ತಿದ್ದರು.

"ಎದುರುಬದುರು ಕೂತ್ರೆ ಅವಳು ನರ್ಸು, ನಾನು ಪೇಷೆಂಟು ಕಣಯ್ಯ," ಎಂದ ಒಂದು ದಿನ. "ಪಕ್ಕದಲ್ಲಿ ಕೂತ್ರೆ ಗಂಡ ಹೆಂಡ್ತಿ. ಒಂದು ಬೆಂಚು ಮಾಡ್ತೀನಿ. ಹೋಗೋದ್ರೊಳಗೆ."

ರೆಡಿಮೇಡ್ ತಂದುಕೊಡುತ್ತೇನೆಂದರೆ ಕೇಳಲಿಲ್ಲ. ಮಾವು ಮಳೆಗೆ ಕೊಳೆಯುತ್ತದೆ, ಹೊಸ ತೇಗ ಒಣಗುವವರೆಗೆ ತಾನಿರುವುದಿಲ್ಲ, ಕೆಡವಿದ ಹಳೆ ಮನೆಯ ಮರವೇ ಸರಿ ಎಂದ. ಪ್ಯಾರೀಸ್ ಕಾರ್ನರ್ ಹಿಂದಿನ ಗಲ್ಲಿಯಲ್ಲಿ ಅಂಥ ಮರ ಮಾರುವ ಮುರಳೀಧರನಲ್ಲಿಗೆ ಹೋದೆವು. ಹೊಸೂರಿನವನು, ಅವನ ಮಾತು ಅರ್ಧ ತಮಿಳು, ಅರ್ಧ ಕನ್ನಡ. ಕಮಲಾಕರ ಒಂದೊಂದು ಮರವನ್ನೂ ಬೆರಳಗಂಟಿನಿಂದ ತಟ್ಟುತ್ತ, ಉಸಿರಿಗಾಗಿ ನಿಲ್ಲುತ್ತ, ಕೊನೆಗೊಂದು ದಪ್ಪ ತೊಲೆಯ ಮುಂದೆ ಕುಕ್ಕರಿಸಿದ. ಉದ್ದಕ್ಕೆ ಸೀಳಿಸಿ ಎರಡು ಹೋಳನ್ನೂ ಪಕ್ಕಪಕ್ಕ ಜೋಡಿಸಿದರೆ ಬೆಂಚಿಗೆ ಬೇಕಾದಷ್ಟು ಅಗಲ ಬರುತ್ತಿತ್ತು. ಮೇಲ್ಮೈಯಲ್ಲಿ ಹಳದಿ ಹೊಳಪು.

"ತಿರುಳಿನ ಬಣ್ಣ ನೋಡು," ಎಂದ ನನಗೆ.

"ಬರ್ಮಾ ತೇಕ್ಕು ಸಾರ್," ಎಂದ ಮುರಳೀಧರ. "ನಿಮಗಿಂತ, ನನಗಿಂತ ಜಾಸ್ತಿ ನಾಳ್ ಇರತ್ತೆ."

"ನನಗಿಂತ ಜಾಸ್ತಿ ಇರೋಕೆ ತೇಗ ಯಾಕಪ್ಪ, ಬಾಳೆದಿಂಡೇ ಸಾಕು."

ಮುರಳೀಧರ ನಕ್ಕ. ಆಮೇಲೆ ಕಮಲಾಕರನ ಮುಖ ನೋಡಿ, ತೊಲೆಯನ್ನು ಸೀಳಿಸಲು ಎಳೆದುಕೊಂಡು ಹೋದ.

ಕಾಲುಗಳನ್ನು ಜೋಡಿಸಲು ಕಮಲಾಕರನಿಗೆ ಬಹಳ ದಿನ ಹಿಡಿಯಿತು. ಹಲಗೆ ಕೂರಿಸಿದ ಸಂಜೆ ಸೀತಾರನ್ನು ಕರೆದ. ಅವರು ಬಂದು ಕೈಯಾಡಿಸಿದರು. ಹಲಗೆಯ ತುದಿಯಲ್ಲೊಂದು ಕಡೆ ಕೈ ನಿಂತಿತು.

"ರೀ, ಇದು ಹೊಸ್ತಿಲು."

"ತೇಗ ಕಣೆ."

"ತೇಗದ ಹೊಸ್ತಿಲು. ಇಲ್ನೋಡಿ, ಬಾಗಿಲು ತಿರುಗೋ ಕುಳಿ. ಈ ಹಳದಿ ಅರಿಶಿನ. ಯಾರೋ ಮಹಾತಾಯಿ ದಿನಾ ಬಳಿದು ಕೈಮುಗಿದಿದ್ದಾಳೆ. ಇದರ ಮೇಲೆ ಹೇಗೆ ಕೂರಲಿ?"

ಹೊಸ್ತಿಲ ಮೇಲೆ ಕೂರಬಾರದೆಂಬುದು ನಮಗೂ ಗೊತ್ತಿದ್ದದ್ದೇ. ಆದರೆ ನಾವು ಹೊಸ್ತಿಲು ದಾಟಿದವರು, ಅದನ್ನು ಸಾರಿಸಿದವರಲ್ಲ. ಮನೆಯಿಂದ ಕಿತ್ತ ಮೇಲೆ ಅದು ಬರೀ ಮರ ಎಂದು ನಾನು ವಾದಿಸಿದೆ.

"ನಿಮ್ಮ ಲೆಕ್ಕದಲ್ಲಿ ಹಾಗಿರಬಹುದು," ಎಂದರು ಸೀತಾ. "ಇವರ ಉಸಿರು ಹೀಗಿರುವಾಗ ನಾನು ಯಾವ ಅಪಶಕುನಕ್ಕೂ ತಯಾರಿಲ್ಲ."

ಕಮಲಾಕರ ಹಲಗೆಯ ಸ್ಕ್ರೂ ಬಿಚ್ಚತೊಡಗಿದ. "ಹಾಗಾದ್ರೆ ಈ ಸಲ ನೀನೇ ಆರಿಸಿ ತಾ," ಎಂದ.

ಆ ಹೊತ್ತಿಗೆ ಅವನಿಗೆ ಗೇಟಿನವರೆಗೆ ನಡೆಯುವುದೂ ಆಗುತ್ತಿರಲಿಲ್ಲ. ಪಕ್ಕದ ಮನೆಯ ಅಂಬುಜಮ್ಮನನ್ನು ಅವನ ಹತ್ತಿರ ಬಿಟ್ಟು ಸೀತಾ ನನ್ನೊಡನೆ ಹೊರಟರು. ಅಂಗಡಿಯಲ್ಲಿ ಪ್ರತಿಯೊಂದು ಹಲಗೆಯನ್ನೂ ಮುಟ್ಟಿ, ಎಲ್ಲಿಯದೆಂದು ಕೇಳಿದರು.

"ಇದು?"

"ಮಂಚದ್ದು ಅಮ್ಮಾ. ನಲ್ಲ ಮರ, ತುಂಬಾ ಒಳ್ಳೇದು."

ಕೈ ಹಿಂದೆಗೆದುಕೊಂಡರು. ಕೊನೆಗೆ ಯಾವುದೋ ಅಟ್ಟದಿಂದ ಇಳಿದ ಹೊನ್ನೆ ಮರದ ಹಲಗೆಯೊಂದು ಸಿಕ್ಕಿತು. ಅದಕ್ಕೆ ಯಾರೂ ಕೈಮುಗಿದಿರಲಿಲ್ಲ, ಅದರ ಮೇಲೆ ಯಾರೂ ಪ್ರಾಣ ಬಿಟ್ಟಿರಲಿಲ್ಲ. ಸೀತಾ ಎರಡೂ ತೋಳು ಚಾಚಿ ಅಳೆದರು. "ಇಬ್ಬರಿಗಾಗತ್ತೆ," ಎಂದರು.

ಆಗಲೇ ಅವರಿಗೆ ಅಂಬುಜಮ್ಮನ ಫೋನು ಬಂತು. ಅಂಗಳದ ಕುರ್ಚಿಯಲ್ಲಿ ಕೂತಿದ್ದ ಹಾಗೆಯೇ ಕಮಲಾಕರ ಹೋಗಿಬಿಟ್ಟಿದ್ದ. ಆಕೆ ನೀರು ತರಲು ಒಳಗೆ ಹೋಗಿದ್ದರಂತೆ.

ವಿಷಯ ತಿಳಿಯದ ಮುರಳೀಧರ ಹಗ್ಗ ಹಿಡಿದು ಬಂದ. "ಕಟ್ಟಲಾ ಅಮ್ಮಾ?"

"ಬೇಡಪ್ಪ," ಎಂದರು ಸೀತಾ. "ಅಷ್ಟುದ್ದದ್ದು ಇನ್ನು ಯಾಕೆ?"

ಬೀಚ್ ಸ್ಟೇಷನ್ನಿನಲ್ಲಿ ಗಾಡಿ ಖಾಲಿಯಿತ್ತು. ಕೂತುಕೊಳ್ಳಿ ಎಂದೆ. ತಾಂಬರಂವರೆಗೂ ಅವರು ಬಾಗಿಲ ಕಂಬಿ ಹಿಡಿದು ನಿಂತೇ ಬಂದರು.