ಒಡೆದ ಪೈಪು, ಉರಿದ ಹೊಟ್ಟೆ

ಕೆಳಮನೆಯ ಟೈಲರಮ್ಮನಿಗೆ ಮೇಲ್ಮನೆಯ ನರ್ಸ್ ಅಂದರೆ ಮೊದಲಿಂದಲೂ ಅಷ್ಟಕ್ಕಷ್ಟೆ. ಬಂದು ವರ್ಷ ತುಂಬಿಲ್ಲ, ಆಗಲೇ ಬೀದಿಗೆಲ್ಲ ಬೇಕಾದವಳು. ಆದರೆ ಹೊಟ್ಟೆಗೆ ನಿಜವಾಗಿ ಕಿಚ್ಚು ಬಿದ್ದದ್ದು, ಯೂನಿಫಾರಂ ಹೊಲಿಸಲು ಅಳತೆ ಕೊಡುತ್ತಾ ಅವಳು ಆಡಿದ ಒಂದು ಮಾತಿನಿಂದ.

“ಅಕ್ಕಾ, ಬಚ್ಚಲ ನಲ್ಲಿ ರಿಪೇರಿಗೆ ನಾನು ಹಾಕಿದ ದುಡ್ಡನ್ನ ಬಾಡಿಗೇಲಿ ಮುರ್ಕೊಳ್ಳಿ ಅಂದ್ರು ಓನರ್ರು. ಒಳ್ಳೇ ಮನುಷ್ಯ, ಪಾಪ.”

ಟೈಲರಮ್ಮ ತುಟಿಯ ನಡುವಿನ ಗುಂಡುಸೂಜಿ ಕಚ್ಚಿಕೊಂಡೇ “ಹ್ಞೂಂ” ಎಂದಳು.

ಒಳ್ಳೇ ಮನುಷ್ಯನಂತೆ! ಹಿಂದಿನ ತಿಂಗಳು ಅವಳ ಅಡುಗೆಮನೆಯ ಗೋಡೆಯೊಳಗೆ ಪೈಪು ಒಡೆದು, ನೀರು ಗಿರಾಕಿಗಳ ಬಟ್ಟೆಯ ಗಂಟಿನವರೆಗೆ ನುಗ್ಗಿತ್ತು. ಯಾರನ್ನೂ ಕೇಳುತ್ತ ಕೂರದೆ ತಾನೇ ಪ್ಲಂಬರನ್ನು ಕರೆಸಿ, ಗೋಡೆ ಒಡೆಸಿ, ಹೊಸ ಪೈಪು ಹಾಕಿಸಿ, ಸಿಮೆಂಟು ಮೆತ್ತಿಸಿದ್ದಳು. ಆಮೇಲೆ ಖರ್ಚು ಕೇಳಿದರೆ “ನೋಡೋಣಮ್ಮ” ಎಂದ ಓನರ್ ಇವತ್ತಿಗೂ ನೋಡುತ್ತಲೇ ಇದ್ದ. ಮದುವೆಯಾಗಿ ಬಂದಂದಿನಿಂದ ತಪ್ಪದೆ ಬಾಡಿಗೆ ಕೊಟ್ಟವಳ ಕೈಗೆ ಚಿಪ್ಪು. ನಿನ್ನೆ ಮೊನ್ನೆ ಬಂದವಳಿಗೆ ಮಣೆ!

“ಅವಳು ಹಲ್ಲು ಕಿರಿದ್ರೆ ಸಾಕು, ಮುದುಕ ಬೆಣ್ಣೆ ಹಾಗೆ ಕರಗ್ತಾನೆ,” ಎಂದು ಗಂಡನೆದುರು ಕಾರಿದಳು.

ಗಂಡ ತಟ್ಟೆಯಿಂದ ತಲೆಯೆತ್ತಲಿಲ್ಲ. “ಹೇಗೆ ಇಸ್ಕೊಂಡ್ಲು ಅಂತ ಅವಳನ್ನೇ ಕೇಳು.”

“ಅವಳನ್ನಾ? ನನ್ನ ಜೀವ ಹೋದ್ರೂ ಇಲ್ಲ!”

ಅಂದು ಸಂಜೆ ನರ್ಸ್‌ನ ಯೂನಿಫಾರಂ ಮಿಷನ್ನಿಗೆ ಬಂದಾಗ, ಬೇಕೆಂದೇ ತೋಳನ್ನು ಅರ್ಧ ಬೆರಳು ಬಿಗಿ ಹೊಲಿದಳು. ಕೈ ಎತ್ತಲಾಗದೆ ಒದ್ದಾಡಲಿ! ಆದರೆ ತೋಳು ಕೆಟ್ಟರೆ ಕೆಡುವುದು ಯಾರ ಹೆಸರು? ಮರುದಿನ ತನ್ನನ್ನೇ ಬೈದುಕೊಳ್ಳುತ್ತ ಹೊಲಿಗೆ ಬಿಚ್ಚಿ, ಸರಿಮಾಡಿದಳು.

ಬಟ್ಟೆ ಒಯ್ಯಲು ನರ್ಸ್ ಬಂದಾಗ ಮಾತು ತಡೆಯದೆ ಹೊರಬಿತ್ತು. “ನಿಮಗಾದ್ರೆ ಓನರ್ರು ಬಾಯಿ ತೆರೆದ ತಕ್ಷಣ ರಿಪೇರಿ ದುಡ್ಡು ಕೊಡ್ತಾರೆ. ನಾವು ಯಾವ ಲೆಕ್ಕ?”

“ಎಲ್ಲಿ ತಕ್ಷಣ ಅಕ್ಕಾ? ಕೆಲಸಕ್ಕೆ ಮುಂಚೆ ಅವರನ್ನ ಕರ್ದು ತೋರಿಸ್ದೆ, ಆಮೇಲೆ ಮಾಡಿಸ್ದೆ. ನೀವು ಹೇಳಿರಲಿಲ್ವಾ?”

ಟೈಲರಮ್ಮ ಕತ್ತರಿಯನ್ನು ಆ ಕಡೆಯಿಂದ ಈ ಕಡೆ ಇಟ್ಟಳು.

“ಬನ್ನಿ, ನಾನೇ ಹೇಳ್ತೀನಿ. ಅವತ್ತು ನಿಮ್ಮನೇಲಿ ನೀರು ಬಳಿದವಳು ನಾನಲ್ವಾ?”

ಅದೂ ನಿಜವೇ. ಡ್ಯೂಟಿ ಮುಗಿಸಿ ಸುಸ್ತಾಗಿ ಬಂದವಳು, ಪ್ಯಾಂಟು ಮಡಚಿಕೊಂಡು ಬಕೆಟ್ ಹಿಡಿದಿದ್ದಳು. ಟೈಲರಮ್ಮ ಅದನ್ನು ಮರೆತಿರಲಿಲ್ಲ, ನೆನೆಯುತ್ತಿರಲಿಲ್ಲ, ಅಷ್ಟೆ.

ನರ್ಸ್ ಅವಳನ್ನು ಓನರ್ ಮನೆಗೆ ಕರೆದೊಯ್ದು ಹೇಳಿದ್ದನ್ನೆಲ್ಲ ಅವನು ಕೇಳಿ ತಲೆಯಾಡಿಸಿದ. “ಇವರು ಕಣ್ಣಾರೆ ನೋಡಿದಾರೆ ಅಂದ್ಮೇಲೆ ಇನ್ನೇನಮ್ಮ? ಬಾಡಿಗೇಲಿ ಮುರ್ಕೊಳ್ಳಿ. ಇನ್ನೊಂದ್ಸಲ ಮೊದ್ಲು ನನಗೊಂದು ಮಾತು ಹೇಳಿ.”

ಮನೆಗೆ ಬಂದವಳ ಮುಖ ನೋಡಿ ಗಂಡ, “ಯಾಕೆ, ಕೊಡಲ್ಲ ಅಂದ್ರಾ?” ಎಂದ.

“ಕೊಟ್ರು. ಪೂರ್ತಿ ಕೊಟ್ರು,” ಎಂದು ಟೈಲರಮ್ಮ ಮಿಷನ್ನಿನ ಮುಂದೆ ದಡಕ್ಕನೆ ಕೂತಳು. “ನನ್ನ ಮಾತಿಗಲ್ಲ. ಅವಳ ಮಾತಿಗೆ!”